ನಕ್ಷತ್ರದವರಿಗೆ ಬಡಿಸಿದ ಎಡೆ

ಒಂದಾನೊಂದು ಕಾಲದಲ್ಲಿ ಕೂಸೇ, ನನ್ನ ಅಜ್ಜಿಯ ಅಜ್ಜಿಗೂ ಇನ್ನೂ ಹಾಲುಹಲ್ಲು ಮೂಡದಿದ್ದ ಕಾಲದಲ್ಲಿ, ಕುರುಚಲು ಗುಡ್ಡದ ಬುಡದಲ್ಲಿ ದನ ಕಾಯೋರ ಹಟ್ಟಿ ಒಂದಿತ್ತಂತೆ. ಕಣ್ಣು ಮುಚ್ಚಿಕೊಂಡೇ ಕೇಳು, ಆದರೆ ನಡುನಡುವೆ ಹೂಂ ಅನ್ನಬೇಕು. ಹೂಂ ಅನ್ನದಿದ್ದರೆ ಕತೆ ಮುನಿಸಿಕೊಂಡು ಎದ್ದು ಹೋಗುತ್ತೆ.

ಆ ಹಟ್ಟಿಯಲ್ಲಿ ಕ್ಯಾತಯ್ಯ ಅಂತ ಒಬ್ಬ ಇದ್ದನಂತೆ. ಅವನ ತಾತನ ಹೆಸರೂ ಕ್ಯಾತಯ್ಯನೇ, ತಾತನ ಹೆಸರು ಮೊಮ್ಮಗನಿಗೆ ಇಡೋದು ಅವರ ಮನೆತನದ ಪದ್ಧತಿ. ತಾತನ ಹಾಗೇ ಇವನೂ ಸಂಜೆ ಆಯ್ತು ಅಂದರೆ ಬಂಡೆ ಹತ್ತಿ ನಿಂತು, ಕೆಂದೀ, ಹಂಡೀ, ಮುರುಗೋಡೀ, ಮನೆಗೆ ಬನ್ರವ್ವಾ ಅಂತ ಒಂದೊಂದೇ ಹಸುವಿನ ಹೆಸರು ಹಿಡಿದು ಕೂಗೋನಂತೆ. ಯಾರು ಕರೆದರೂ ಓ ಅನ್ನದೆ ಇರೋ ಆಸಾಮಿಯಲ್ಲ. ಕರು ಅಂಬಾ ಅಂದರೂ, ಓ ಬಂದೆ ಕಣಮ್ಮ ಅನ್ನೋನಂತೆ.

ಇಂಥವನಿಗೆ ಒಂದು ದಿನ ಏನಾಯ್ತು? ದೀಪ ಹಚ್ಚೋ ಹೊತ್ತು, ಪಡುವಣದಲ್ಲಿ ಮೊದಲನೇ ಚುಕ್ಕಿ ಆಗತಾನೇ ಕಣ್ಣು ಬಿಟ್ಟಿತ್ತಂತೆ, ಆ ಚುಕ್ಕಿಯ ಕಡೆಯಿಂದ ಯಾರೋ ಕ್ಯಾತಯ್ಯಾ ಅಂತ ಕರೆದರಂತೆ. ಗಂಡಸಿನ ದನಿಯೂ ಅಲ್ಲ, ಹೆಂಗಸಿನ ದನಿಯೂ ಅಲ್ಲ, ಬರಿದಾದ ಬಿಂದಿಗೆಯ ಬಾಯಲ್ಲಿ ಗಾಳಿ ಊದಿದ ಹಾಗಿತ್ತಂತೆ. ಅವನಿಗೆ ಓ ಅನ್ನೋದು ಗಂಟಲವರೆಗೆ ಬಂತು. ಆದರೆ ದೀಪ ಹಚ್ಚಿದ ಮೇಲೆ ಒಂದೇ ಸಲ ಕರೆದರೆ ಓ ಅನ್ನಬಾರದು, ದೆವ್ವವಾದರೆ ಒಂದೇ ಸಲ ಕರೆಯುತ್ತೆ, ಮನುಷ್ಯರಾದರೆ ಮೂರು ಸಲ ಕರೀತಾರೆ ಅಂತ ಹಿರಿಯರು ಹೇಳಿದ್ದರಲ್ಲ, ಅದಕ್ಕೇ ತುಟಿ ಕಚ್ಚಿ ಹಿಡಿದು ಎರಡನೇ ಕೂಗಿಗೆ ಕಾದನಂತೆ. ಎರಡನೇದು ಬರಲೇ ಇಲ್ಲ.

ಅವತ್ತಿನಿಂದ ಅವನ ಕಣ್ಣಿಗೆ ನಿದ್ದೆ ಹತ್ತಲಿಲ್ಲವಂತೆ. ಯಾರೋ ಕಷ್ಟದಲ್ಲಿ ಕೂಗಿದರೋ ಏನೋ, ನಾನು ಕಲ್ಲಿನ ಹಾಗೆ ನಿಂತುಬಿಟ್ಟೆನಲ್ಲ ಅಂತ ಒಂದೇ ಕೊರಗು. ಒಂದು ವಾರ ಆಯ್ತು, ಎರಡು ವಾರ ಆಯ್ತು, ಮುದ್ದೆ ಗಂಟಲಲ್ಲಿ ಇಳಿಯದು, ಮೈ ಒಣಗಿ ಬಾರುಕೋಲಿನ ಹಾಗಾಯ್ತಂತೆ. ಆಮೇಲೆ ನಾರುಬೇರಿನ ಔಷಧಿ ಕೊಡೋ ಗಂಗಜ್ಜಿ ಬಂದು ನಾಡಿ ಹಿಡಿದು ನೋಡಿ, ಇದಕ್ಕೆ ನನ್ನ ಹತ್ತಿರ ಬೇರಿಲ್ಲ ಕಣ್ರಪ್ಪ, ಕರೆದೋರು ಯಾರು, ಯಾಕೆ ಕರೆದರು ಅಂತ ತಿಳಿದರೆ ಬದುಕುತ್ತಾನೆ, ಇಲ್ಲ ಅಂದರೆ ಇನ್ನು ಮೂರು ಸಂಜೆ ದಾಟೋದು ಕಷ್ಟ ಅಂದುಬಿಟ್ಟಳಂತೆ.

ಕ್ಯಾತಯ್ಯನಿಗೆ ಮೂವರು ಮಕ್ಕಳು. ದೊಡ್ಡವನು ಕಾಟಣ್ಣ, ನಡುವಿನವನು ಬಾಲಯ್ಯ, ಕಿರಿಯವಳು ಸಿರಿಯವ್ವ. ಮೂವರೂ ಅಜ್ಜಿಯ ಕಾಲು ಹಿಡಿದು, ಚುಕ್ಕಿಯಲ್ಲಿರೋರನ್ನ ಮಾತಾಡಿಸೋದು ಹೇಗಜ್ಜಿ ಅಂತ ಕೇಳಿದರಂತೆ. ಗಂಗಜ್ಜಿ ದನಿ ತಗ್ಗಿಸಿ ಹೇಳಿದಳಂತೆ, ನಿನ್ನೆ ಗುಡುಗಿತಲ್ಲ, ಗುಡ್ಡದ ಹಿಂದಿನ ಬಯಲಲ್ಲಿ ಸಗಣಿಯ ಮೇಲೆ ಮೂರು ಅಣಬೆ ಎದ್ದಿರುತ್ತೆ. ಮುಟ್ಟಿದ ಕಡೆಯೆಲ್ಲ ನೀಲಿ ಆಗುತ್ತೆ, ನಂಜುಂಡಸ್ವಾಮಿಯ ಕಂಠದ ಹಾಗೆ. ಅದು ಭೂಮಿತಾಯಿಯ ಕಿವಿ. ಹಿಂದಿನೋರು ಅದನ್ನ ಇಟ್ಟುಕೊಂಡೇ ಚುಕ್ಕಿಯೋರ ಹತ್ತಿರ ಮಾತಾಡ್ತಿದ್ದರಂತೆ. ಹೇಗೆ ಅಂತ ಮಾತ್ರ ನನಗೆ ತಿಳೀದು, ನಮ್ಮವ್ವ ಹೇಳೋಕೆ ಮೊದಲೇ ಶಿವನ ಪಾದ ಸೇರಿಬಿಟ್ಟಳು.

ಮೊದಲನೇ ದಿನ ಕಾಟಣ್ಣ ಹೋದನಂತೆ. ಹಿರಿಮಗ ನಾನು, ನಾನೇ ತಿಳಿದು ಬರ್ತೀನಿ ಅಂತ ಮೀಸೆ ತಿರುವಿಕೊಂಡು ಹೋಗಿ, ಒಂದು ಅಣಬೆ ಕಿತ್ತು ಗುಳುಂ ಅಂತ ನುಂಗಿದನಂತೆ. ನುಂಗಿದ್ದೇ ತಡ, ಬಂಡೆಗಳು ಉಸಿರಾಡೋಕೆ ಹತ್ತಿದವು, ಹುಲ್ಲಿನ ಎಸಳೆಲ್ಲ ಕುಣಿದವು, ಆಕಾಶ ಕೆಳಗೆ ಬಂತು, ಇವನು ಮೇಲೆ ಹೋದನಂತೆ. ಸಂಜೆಗೆ ತೂರಾಡಿಕೊಂಡು, ಕಕ್ಕಿಕೊಂಡು ಹಟ್ಟಿಗೆ ಬಂದ. ನೋಡಿದೆ ಕಣ್ರೋ, ಚುಕ್ಕಿಯೋರನ್ನೆಲ್ಲ ನೋಡಿದೆ, ನನಗೆ ಜರತಾರಿ ಪೇಟ ಸುತ್ತಿ ಗೌಡನ್ನ ಮಾಡಿದರು, ಎಲ್ಲರ ಮುಖವೂ ನನ್ನ ಮುಖದ ಹಾಗೇ ಇತ್ತು ಅಂದನಂತೆ. ಸಿರಿಯವ್ವ ನಗಬೇಕೋ ಅಳಬೇಕೋ ತಿಳಿಯದೆ, ಅಯ್ಯೋ ಅಣ್ಣಾ, ನಿನ್ನ ಮುಖ ನೋಡೋಕೆ ಅಷ್ಟು ಮೇಲೆ ಯಾಕೆ ಹೋದೆ, ಕೆರೆಗೆ ಬಗ್ಗಿದ್ದರೆ ಸಾಲದಾಗಿತ್ತಾ, ಅಪ್ಪನ್ನ ಯಾಕೆ ಕರೆದರು ಅಂತ ಕೇಳಿದೆಯಾ ಅಂದಳಂತೆ. ಕಾಟಣ್ಣ ತಲೆ ಕೆರೆದುಕೊಂಡ. ಪೇಟದ ಗಲಾಟೆಯಲ್ಲಿ ಮರೆತೆ ಕಣವ್ವ ಅಂದನಂತೆ.

ಎರಡನೇ ದಿನ ಬಾಲಯ್ಯ ಹೋದನಂತೆ. ಅವನು ಓತಿಕ್ಯಾತ ತಲೆ ಆಡಿಸಿದರೂ ಹಿಂದೆ ಸರಿಯೋನು. ಆದರೂ ಅಪ್ಪನ ಮೇಲಿನ ಪ್ರೀತಿ ದೊಡ್ಡದು ನೋಡು, ಕಣ್ಣು ಮುಚ್ಚಿಕೊಂಡು ಎರಡನೇ ಅಣಬೆ ತಿಂದೇಬಿಟ್ಟ. ತಿಂದ ಮೇಲೆ ಅವನಿಗೆ ಚುಕ್ಕಿಗಳೆಲ್ಲ ಚಿರತೆಯ ಕಣ್ಣಾಗಿ ಕಂಡವಂತೆ. ಎದ್ದನೋ ಬಿದ್ದನೋ ಅಂತ ಓಡಿ ಜಾಲಿಮರ ಹತ್ತಿ ಕೂತನಂತೆ. ಹಟ್ಟಿಯೋರು ಹುಡುಕಿಕೊಂಡು ಹೋಗಿ ಇಳಿಸೋ ಹೊತ್ತಿಗೆ ಮೈತುಂಬ ಮುಳ್ಳು. ಯಾಕೆ ಕರೆದರಂತೆ ಅಂತ ಕೇಳಿದರೆ, ಓಡೋದಕ್ಕೇ ಹೊತ್ತು ಸಾಲಲಿಲ್ಲ, ಕೇಳೋದೆಲ್ಲಿ ಬಂತು ತಾಯಿ ಅಂದನಂತೆ.

ನಗಬೇಡ ಕೂಸೇ. ಅವರವರ ಮನಸ್ಸಿನಲ್ಲಿ ಏನಿತ್ತೋ ಅದೇ ಅವರಿಗೆ ಕಂಡಿತು, ಅಷ್ಟೆ. ಇನ್ನೊಂದು ಮಾತು, ನೀನು ಕಂಡಕಂಡ ಅಣಬೆಯನ್ನ ಬಾಯಿಗೆ ಇಟ್ಟೀಯ, ಜೋಕೆ! ಹೂಂ ಅನ್ನು. ಹ್ಞಾ, ಹಾಗೆ.

ಮೂರನೇ ದಿನ ಬೆಳಗಾಗೋ ಹೊತ್ತಿಗೆ ಕ್ಯಾತಯ್ಯನ ನಾಡಿ ದಾರದ ಎಳೆಯಷ್ಟು ಸಣ್ಣಗಾಗಿತ್ತಂತೆ. ಸಿರಿಯವ್ವ ಅಪ್ಪನ ಹಣೆಗೆ ವಿಭೂತಿ ಹಚ್ಚಿ, ಬುತ್ತಿಗೆ ಒಂದು ಮುದ್ದೆ, ಒಂದು ಚೊಂಬು ನೀರು ಹಿಡಿದು, ಶಿವನೇ ನೀನೇ ದಾರಿ ತೋರಿಸಪ್ಪಾ ಅಂತ ಹೊರಟಳಂತೆ. ಬಯಲಲ್ಲಿ ಒಂದೇ ಒಂದು ಅಣಬೆ ಉಳಿದಿತ್ತು. ಮೆಲ್ಲಗೆ ಬಿಡಿಸಿಕೊಂಡಳು, ಬೆರಳು ತಾಕಿದ ಕಡೆ ನೀಲಿಯಾಯ್ತು. ಬಾಯಿಯ ಹತ್ತಿರ ತಂದಳು. ತಂದವಳಿಗೆ ಕೈ ಮುಂದೆ ಹೋಗಲಿಲ್ಲವಂತೆ.

ಯಾಕೆ ಗೊತ್ತಾ? ಅವರ ಮನೆಯಲ್ಲಿ ಹೊಸದಾಗಿ ಏನು ಸಿಕ್ಕರೂ ಮೊದಲು ಎಡೆ ಇಡದೆ ತಾವು ಉಂಡವರಲ್ಲ. ಅದೂ ಅಲ್ಲದೆ, ಯಾರನ್ನೋ ಮಾತಿಗೆ ಕರೆದು ನಾವೇ ತಿಂದು ಬಾಯಿ ಒರೆಸಿಕೊಂಡರೆ ಅದೆಂಥ ಮರ್ಯಾದೆ ಅನ್ನಿಸಿತಂತೆ. ಆಮೇಲೆ ಅವಳು ಸಗಣಿಯಿಂದ ಒಂದು ಅಂಗೈಯಗಲ ನೆಲ ಸಾರಿಸಿ, ಮುತ್ತುಗದ ಎಲೆ ಹಾಸಿ, ಅಣಬೆ ಇಟ್ಟು, ಪಕ್ಕದಲ್ಲಿ ತನ್ನ ಮುದ್ದೆಯನ್ನೂ ಇಟ್ಟು, ನೀರು ಇಟ್ಟು, ನೀವು ಯಾರೋ ಏನೋ ನನಗೆ ತಿಳೀದು, ದೂರದಿಂದ ಬರೋರು, ಹಸಿದಿರ್ತೀರಿ, ಮೊದಲು ಉಣ್ಣಿ, ಆಮೇಲೆ ಮಾತಾಡೋಣ ಅಂದಳಂತೆ. ಎಡೆ ಇಟ್ಟ ಮೇಲೆ ಬಾಗಿಲು ಮುಂದೆ ಮಾಡಿ ಹೊರಗೆ ಕಾಯಬೇಕಲ್ಲ? ಬಯಲಿಗೆ ಬಾಗಿಲೆಲ್ಲಿಂದ ಬರಬೇಕು. ಬೆನ್ನು ತಿರುಗಿಸಿ ಕೂತು, ಮುಖದ ಮೇಲೆ ಸೆರಗು ಎಳೆದುಕೊಂಡಳಂತೆ.

ಕೂತಳು, ಕೂತಳು, ಕೂತಳು. ನೆರಳು ಉದ್ದವಾಯ್ತು. ಚುಕ್ಕಿ ಮೂಡೋ ಹೊತ್ತಿಗೆ ಬೆನ್ನ ಹಿಂದೆ ಎಲೆ ಸರಕ್ ಅಂದಿತಂತೆ. ಯಾರೋ ನೀರು ಕುಡಿದ ಸದ್ದು. ಆಮೇಲೆ ಒಂದು ನಿಟ್ಟುಸಿರು, ಹೊಟ್ಟೆ ತುಂಬಿದೋರು ಬಿಡೋ ಅಂಥದ್ದು. ಆಮೇಲೆ ಬಿಂದಿಗೆಗೆ ಗಾಳಿ ಊದಿದಂಥ ಆ ದನಿ, ತಾಯೀ, ಬರೋರೆಲ್ಲ ನಮ್ಮನ್ನ ನೋಡಬೇಕು ಅಂತ ಬಂದರು, ಉಣ್ಣಿ ಅಂದೋಳು ನೀನೊಬ್ಬಳೇ ಅಂದಿತಂತೆ.

ಸಿರಿಯವ್ವ ಸೆರಗು ಬಿಗಿಯಾಗಿ ಹಿಡಿದುಕೊಂಡಳಂತೆ. ತಿರುಗಿ ನೋಡಲಿಲ್ಲ, ಉಂಬೋರನ್ನ ನೋಡಬಾರದು. ನಮ್ಮಪ್ಪ ಸಾಯ್ತಾ ಇದ್ದಾನೆ, ಅವನನ್ನ ಯಾಕೆ ಕರೆದಿರಿ, ನಿಮಗೇನು ಕಷ್ಟ ಬಂದಿತ್ತು ಅಂತ ಕೇಳಿದಳಂತೆ.

ಕಷ್ಟ ಬಂದಿದ್ದು ನಿಜ, ಆದರೆ ಅದು ತೀರಿ ಎಷ್ಟೋ ಕಾಲವಾಯ್ತು ಅಂದರಂತೆ ಅವರು. ಶಿವ ನಮಗೂ ದನ ಕೊಟ್ಟಿದ್ದಾನೆ, ನಾವೂ ನಿಮ್ಮ ಹಾಗೆ ಕಾಯೋ ಜನ. ಒಂದು ಸಲ ನಮ್ಮ ಲೋಕಕ್ಕೆಲ್ಲ ಕರೀ ಧೂಳು ಮುಸುಕಿತು, ದನಕರು ದಿಕ್ಕು ತಪ್ಪಿ ಚೆದುರಿ ಹೋದವು. ಕೂಗಿ ಕೂಗಿ ನಮ್ಮ ಗಂಟಲು ಸತ್ತಿತ್ತು. ಆಗ ಎಲ್ಲೋ ಕೆಳಗಿನಿಂದ ಒಬ್ಬ ಕೆಂದೀ, ಹಂಡೀ, ಮನೆಗೆ ಬನ್ರವ್ವಾ ಅಂತ ಕರೆಯೋದು ಕೇಳಿಸಿತು. ಅವನ ಅವ್ವ ಅವನನ್ನ ಕ್ಯಾತಯ್ಯಾ, ಉಣ್ಣೋಕೆ ಬಾ ಅಂತ ಕೂಗೋದೂ ಕೇಳಿಸಿತು. ಆ ದನಿ ಹಿಡಿದುಕೊಂಡು ನಮ್ಮ ದನವೆಲ್ಲ ಒಂದೂ ಬಿಡದ ಹಾಗೆ ಒಟ್ಟಿಗೆ ಬಂದವು. ಅವನಿಗೆ ನಿನ್ನ ಹೊಟ್ಟೆ ತಣ್ಣಗಿರಲಿ ಅಂತ ಒಂದು ಮಾತು ಹೇಳಬೇಕು ಅಂತ ಕರೆದೆವು ತಾಯಿ, ಅಷ್ಟೆ. ಓ ಅಂದ ಮೇಲೆ ಹೇಳೋಣ ಅಂತ ಇನ್ನೂ ಕಾಯ್ತಾ ಇದ್ದೇವೆ.

ಸಿರಿಯವ್ವ, ಒಂದೇ ಸಲ ಕರೆದು ಸುಮ್ಮನಾದರೆ ಯಾರು ಓ ಅಂತಾರೆ, ಮೂರು ಸಲ ಕರೀಬಾರದಾಗಿತ್ತಾ ಅಂತ ಗದರಿಯೇಬಿಟ್ಟಳಂತೆ. ಅವರು ನಕ್ಕರಂತೆ. ನಮ್ಮ ಒಂದು ಕೂಗು ನಿಮ್ಮ ಹಟ್ಟಿ ಮುಟ್ಟೋಕೆ ಒಂದು ತಲೆಮಾರೇ ಕಳೆಯುತ್ತೆ ತಾಯಿ, ಇನ್ನೆರಡು ಕೂಗು ದಾರಿಯಲ್ಲಿದೆ. ಈ ಅಣಬೆಯ ಎಡೆ ಇಟ್ಟ ಹೊತ್ತು ಮಾತ್ರ, ಸೀರೆ ಮಡಿಸಿದಾಗ ಸೆರಗಿನ ತುದಿ ಬಂದು ಈ ತುದಿಯನ್ನ ಮುಟ್ಟುತ್ತಲ್ಲ, ಹಾಗೆ ನಾವು ನಿಮ್ಮ ಪಕ್ಕದಲ್ಲೇ ಇರ್ತೀವಿ.

ಆಗ ಅವಳಿಗೆ ಹೊಳೆಯಿತಂತೆ. ಕೂಗು ಮೇಲೆ ಹೋಗೋಕೆ ಒಂದು ತಲೆಮಾರು, ಅವರ ಕೂಗು ಕೆಳಗೆ ಬರೋಕೆ ಇನ್ನೊಂದು ತಲೆಮಾರು. ಇವರು ಕೇಳಿದ್ದು ಅಪ್ಪನ ದನಿಯಲ್ಲ, ಅಪ್ಪನ ತಾತನ ದನಿ. ತಾತ ತೀರಿಹೋಗಿದ್ದ, ಅವನ ಹೆಸರು ಮಾತ್ರ ಹಟ್ಟಿಯಲ್ಲಿ ಉಳಿದಿತ್ತು, ಉಪಕಾರದ ಕೂಗು ಬಂದು ಆ ಹೆಸರಿನೋನನ್ನ ಮುಟ್ಟಿತ್ತು. ಹಿಂದೆ ತಿರುಗಿದರೆ ಯಾರೂ ಇಲ್ಲ. ಎಲೆಯ ಮೇಲೆ ಅಣಬೆ ಇರಲಿಲ್ಲ, ಮುದ್ದೆಯಲ್ಲಿ ಒಂದು ಚೂರು ಮುರಿದಿತ್ತಂತೆ.

ಸಿರಿಯವ್ವ ಕಾಲು ನೆಲಕ್ಕೆ ತಾಕದ ಹಾಗೆ ಓಡಿಬಂದು ಅಪ್ಪನ ಕಿವಿಯಲ್ಲಿ ಎಲ್ಲವನ್ನೂ ಹೇಳಿದಳಂತೆ. ಅಪ್ಪಾ, ಯಾರೂ ಕಷ್ಟದಲ್ಲಿ ಕರೆದಿದ್ದಲ್ಲ ಕಣಪ್ಪ, ನಿನ್ನ ತಾತನಿಗೆ ಹೊಟ್ಟೆ ತಣ್ಣಗಿರಲಿ ಅನ್ನೋಕೆ ಕರೆದರಂತೆ. ಕ್ಯಾತಯ್ಯ ಕೇಳಿದ, ಕೇಳಿ ಗಳಗಳ ಅತ್ತನಂತೆ. ದಿನಾ ದನ ಕೂಗಿದ್ದಕ್ಕೆ ಇಷ್ಟು ದೊಡ್ಡ ಮಾತಾ ಶಿವನೇ, ನಮ್ಮ ತಾತ ಏನು ಮಾಡಿದೆ ಅಂತ ತಿಳಿಯದೆಯೇ ಕಣ್ಣು ಮುಚ್ಚಿದನಲ್ಲ ಅಂದನಂತೆ. ಆಮೇಲೆ, ನನ್ನನ್ನ ಎತ್ತಿ ನಿಲ್ಲಿಸ್ರೋ ಅಂದ. ಕಾಟಣ್ಣ ಒಂದು ಕಡೆ, ಮುಳ್ಳಿನ ಗಾಯದ ಬಾಲಯ್ಯ ಒಂದು ಕಡೆ ಹಿಡಿದುಕೊಂಡು ಬಂಡೆಯ ಹತ್ತಿರ ನಿಲ್ಲಿಸಿದರು. ಅವನು ಚುಕ್ಕಿಗೆ ಕೈ ಮುಗಿದು, ಎದೆಯಲ್ಲಿದ್ದ ಉಸಿರನ್ನೆಲ್ಲ ಕೂಡಿಸಿ, ತಾತನ ಪರವಾಗಿ ಓ ಅಂದನಂತೆ.

ಅಂದವನು ಅಲ್ಲೇ ಮಗನ ಹೆಗಲಿಗೆ ಒರಗಿದ. ಎಲ್ಲರೂ ಹೆದರಿದರಂತೆ. ಗಂಗಜ್ಜಿ ಬಂದು ಮೂಗಿನ ಹತ್ತಿರ ಬೆರಳಿಟ್ಟು ನೋಡಿ, ಥೂ, ಅಳಬೇಡ್ರೋ, ಗೊರಕೆ ಹೊಡೀತಾ ಇದ್ದಾನೆ ಅಂದಳಂತೆ. ಎರಡು ಹಗಲು, ಎರಡು ಇರುಳು ಮಲಗಿದ್ದು, ಮೂರನೇ ದಿನ ಎದ್ದು ಎರಡು ಮುದ್ದೆ ಕೇಳಿ ಹಾಕಿಸಿಕೊಂಡು ಉಂಡನಂತೆ. ಆಮೇಲೆ ಮಕ್ಕಳು ಮೊಮ್ಮಕ್ಕಳೊಂದಿಗೆ ತುಂಬು ಬಾಳು ಬಾಳಿದನಂತೆ. ನಾವು ಮಾಡಿದ ಒಳ್ಳೇದು ಯಾರ ಮನೆ ಬಾಗಿಲಿಗೆ ಹೋಗಿ ನಿಲ್ಲುತ್ತೋ ನಮಗೇನು ಗೊತ್ತು ಕೂಸೇ, ಅದು ಆ ಶಿವನಿಗೇ ಗೊತ್ತು.

ಕ್ಯಾತಯ್ಯನ ಆ ಓ ಇದೆಯಲ್ಲ, ಅದು ಇನ್ನೂ ಚುಕ್ಕಿ ಮುಟ್ಟಿಲ್ಲವಂತೆ. ಈಗಲೂ ನಮ್ಮ ಸೂರಿನ ಮೇಲೆ ಎಲ್ಲೋ ಮೆಲ್ಲಗೆ ಹೋಗ್ತಾ ಇದೆಯಂತೆ. ಹೂಂ ಅನ್ನು. ಹೂಂ ಅನ್ನಲ್ಲವಾ? ಸರಿ, ಮಲಗು ನನ್ನವ್ವ, ನಿನ್ನ ಹೊಟ್ಟೆ ತಣ್ಣಗಿರಲಿ. ದನ ಹಟ್ಟಿ ಸೇರಿದವು, ಕೂಸು ನಿದ್ದೆ ಸೇರಿತು, ಕತೆಯೂ ತನ್ನ ಮನೆ ಸೇರಿತು.