ಸಾಸಿವೆಯಷ್ಟು ತಪ್ಪು

ಕೆರೆಗೆ ಹೋಗುವ ದಾರಿಯಲ್ಲಿ ಕೋಣವೊಂದು ಬಸವನಹುಳುವಿನ ಚಿಪ್ಪನ್ನು ತುಳಿದು ಒಡೆದುಹಾಕಿತು. ಬಿಸಿಲೇರುವ ಮುನ್ನ ನೀರು ಸೇರದಿದ್ದರೆ ಹುಳು ಒಣಗಿ ಸಾಯುವುದು ಖಂಡಿತ. ಅದು ನ್ಯಾಯ ಹೇಳುವ ಬೆಳ್ಳಕ್ಕಿಯನ್ನು ಕೂಗಿತು. ಬೆಳ್ಳಕ್ಕಿ ಹಾರಿ ಬಂದು, ಎಂದಿನಂತೆ ಕೋಣದ ಬೆನ್ನ ಮೇಲೆಯೇ ಕುಳಿತು ವಿಚಾರಣೆ ಶುರುಮಾಡಿತು.

"ಸ್ವಾಮಿ, ಈತ ಆಕಾಶ ನೋಡುತ್ತ ಓಡಿಬಂದ. ಚಿಪ್ಪು ಒಡೆದವನೇ ನನ್ನನ್ನು ಕೆರೆಗೆ ಹೊತ್ತು ಮುಟ್ಟಿಸಲಿ!" ಎಂದಿತು ಬಸವನಹುಳು.

"ದಾರಿಯಲ್ಲಿ ನೀನು ಎಲ್ಲಾದರೂ ನಿಂತೆಯಾ?"

"ಎಲೆಯೊಂದನ್ನು ಕಡಿಯಲು ಒಂದು ಗಳಿಗೆ ನಿಂತೆ, ಅಷ್ಟೇ."

"ಮುಗಿಯಿತು! ನಿನ್ನಲ್ಲೂ ಸಾಸಿವೆಯಷ್ಟು ತಪ್ಪಿದೆ. ತಪ್ಪಿದ್ದವರಿಗೆ ಪರಿಹಾರವಿಲ್ಲ. ಕಾಯಿದೆ ಅಂದರೆ ಕಾಯಿದೆ!"

"ಅವನದು ಬೆಟ್ಟದಷ್ಟಿದೆಯಲ್ಲ! ಎರಡನ್ನೂ ಅಳೆದು ನೋಡಿ, ಸ್ವಾಮಿ!"

"ಅಳೆಯುವುದು ನನ್ನ ಕೆಲಸವಲ್ಲ."

"ಗೆದ್ದೆ! ಗೆದ್ದೆ!" ಎಂದು ಕುಣಿದಾಡಿದ ಕೋಣ, ಬೆನ್ನ ಮೇಲಿದ್ದ ನ್ಯಾಯಾಧೀಶರನ್ನೇ ಮರೆತು ಪಕ್ಕದ ಕೆಸರಿನಲ್ಲಿ ಉರುಳಿತು. ಬೆಳ್ಳಕ್ಕಿಯ ರೆಕ್ಕೆ ಲಟಕ್ಕನೆ ಮುರಿಯಿತು.

"ಅಯ್ಯೋ! ನನ್ನನ್ನು ಗೂಡಿಗೆ ಹೊತ್ತು ಮುಟ್ಟಿಸೋ!"

"ನನ್ನ ಬೆನ್ನೇರಿ ಕೂತವರು ಯಾರು, ಸ್ವಾಮಿ? ಸಾಸಿವೆಯಷ್ಟು ತಪ್ಪು ನಿಮ್ಮದೂ ಇದೆ," ಎಂದು ಕೋಣ ಸುಖವಾಗಿ ಕಣ್ಣು ಮುಚ್ಚಿತು.

"ನನ್ನದೆಷ್ಟು, ನಿನ್ನದೆಷ್ಟು! ಏ ಬಸವನಹುಳು, ನಿಲ್ಲು! ನೀನಾದರೂ ಬಂದು ಅಳೆದು ಹೇಳು!" ಎಂದು ಬೆಳ್ಳಕ್ಕಿ ಕಿರುಚಿತು.

ಒಡೆದ ಚಿಪ್ಪು ಹೊತ್ತು ಕೆರೆಯತ್ತ ತೆವಳುತ್ತಿದ್ದ ಬಸವನಹುಳು ನಿಲ್ಲಲಿಲ್ಲ. ದಾರಿಯಲ್ಲಿ ನಿಲ್ಲುವುದು ತಪ್ಪೆಂದು ಈಗಷ್ಟೇ ತೀರ್ಪಾಗಿತ್ತಲ್ಲ!