ಬೆನ್ನ ಹಿಂದಿನ ಸದ್ದು

ಹಾಲಪ್ಪನವರ ಹಾಲ್‌ಗೆ ನಾಲ್ಕು ಸ್ಪೀಕರ್‌ಗಳು ಬಂದವು. ಟಿವಿಯ ಬಳಿ ಮೂರು, ಸೋಫಾದ ಹಿಂದಿನ ಗೋಡೆಗೆ ಒಂದು. ಜೋಡಿಸಲು ಬಂದವನು ಆ ಒಂದಕ್ಕೆ ವೈರ್ ಕೊಡುವುದನ್ನೇ ಮರೆತಿದ್ದ.

"ಇವತ್ತು ಹಾಲಪ್ಪನವರ ಭಾವ ಸಿನಿಮಾ ನೋಡಲು ಬರುತ್ತಾರೆ. ನಾನು ಮೂಕ ಎಂದು ಗೊತ್ತಾದರೆ ಗುಜರಿಗೆ ಹಾಕುತ್ತಾರೆ," ಎಂದು ಆ ಸ್ಪೀಕರ್ ತನ್ನ ಬೆನ್ನ ಹಿಂದೆಯೇ ಮನೆ ಮಾಡಿಕೊಂಡಿದ್ದ ಹಲ್ಲಿಯ ಬಳಿ ಗೋಳಾಡಿತು.

"ಹೆದರಬೇಡ, ನಾನಿದ್ದೇನೆ," ಎಂದಿತು ಹಲ್ಲಿ.

ಭಾವ ಬಂದು ಕೂತರು. ಟಿವಿಯಲ್ಲಿ ಕುದುರೆಗಳು ಓಡಿದವು.

"ಭಾವ, ಕುದುರೆ ನಮ್ಮ ಹಿಂದಿನಿಂದ ಬಂದು ಮುಂದೆ ಹೋಯ್ತು, ಕೇಳಿಸ್ತಾ?" ಎಂದರು ಹಾಲಪ್ಪ.

ಕೇಳಿಸಲಿಲ್ಲ ಎಂದರೆ ತನ್ನ ಕಿವಿಯೇ ಮಂದ ಅಂದುಕೊಂಡಾರು ಎಂದು ಭಾವನಿಗೆ ಅಳುಕು. "ತುಳಿದೇಬಿಡ್ತು ಅಂತ ಕಾಲು ಮೇಲೆತ್ತಿಕೊಂಡೆ ಕಣಯ್ಯ! ಹಿಂದಿನ ಸ್ಪೀಕರ್ ಮುಂದೆ ಆ ಮೂರೂ ಏನೇನೂ ಅಲ್ಲ."

ಮೂಕ ಸ್ಪೀಕರ್ ಉಬ್ಬಿಹೋಯಿತು. ಗೆಳೆಯನ ಸಂತೋಷಕ್ಕೆ ಹಲ್ಲಿಯೂ ಒಮ್ಮೆ ಜೋರಾಗಿ ಲೊಚಗುಟ್ಟಿತು.

ಭಾವ ಹುಬ್ಬು ಗಂಟಿಕ್ಕಿದರು. "ಎಲ್ಲಾ ಚೆನ್ನಾಗಿದೆ ಹಾಲಪ್ಪ. ಆದರೆ ಹಿಂದಿನಿಂದ ಏನೋ ಲೊಚಲೊಚ ಅಂತಿದೆಯಲ್ಲ?"

"ಹೌದು ಭಾವ, ನನಗೂ ಕೇಳಿಸ್ತು," ಎಂದರು ಹಾಲಪ್ಪ, ಪೆಚ್ಚಾಗಿ. "ನಾಳೆನೇ ರಿಪೇರಿಯವನನ್ನ ಕರೆಸ್ತೀನಿ."

ಸ್ಪೀಕರ್ ಹಲ್ಲಿಯನ್ನು ಗದರಿತು: "ಈಗಿಂದೀಗಲೇ ಜಾಗ ಖಾಲಿ ಮಾಡು! ನೆಟ್ಟಗೆ ಹಾಡಲು ಬಾರದವರನ್ನು ನಾನು ಜೊತೆಗೆ ಇಟ್ಟುಕೊಳ್ಳುವುದಿಲ್ಲ."