ಜವಾದ್ ಇರದ ಉಪವಾಸ

ಕಾರ್ಗಿಲ್ ಕಡೆಯ ಒಂದು ಹಳ್ಳಿ. ಚಳಿಗಾಲಕ್ಕೆ ಅಲ್ಲಿನ ಕೆರೆ ಹೆಪ್ಪುಗಟ್ಟಿ ಕಲ್ಲಾಗುತ್ತದೆ. ಹೈದರ್ ಉಸ್ತಾದರು ಜವಾದನಿಗೆ ಐಸ್-ಹಾಕಿ ಆಟ ಕಲಿಸಿದ್ದು ಅದರ ಮೇಲೆಯೇ.

ಜವಾದ್ ಆಡಿದರೆ ಅದು ಆಟ, ಉಳಿದವರದ್ದು ಬರೀ ಜಾರಾಟ. ಹಾಗಂತ ಅವನೇ ಹೇಳುತ್ತಿದ್ದ. ಸುಳ್ಳೇನಲ್ಲ. ವಿದೇಶದ ತಂಡವೊಂದು ಸಂಬಳ ಕೊಟ್ಟು ಕರೆಸಿಕೊಂಡಿತು.

ರಂಜಾನ್ ತಿಂಗಳಲ್ಲಿ ಆ ತಂಡ ಫೈನಲ್ ಸೋತಿತು. ತಿಂಗಳು ಮುಗಿಯುವ ಮೊದಲೇ ಜವಾದ್ ಊರಿಗೆ ಬಂದು ಉಸ್ತಾದರ ಮುಂದೆ ಕೂತ.

"ಕೊನೇ ಗಳಿಗೆ. ಎದುರಿಗೆ ಗೋಲ್‌ಕೀಪರ್ ಒಬ್ಬನೇ. ಬಿಲ್ಲೆಯನ್ನ ಗೋಲಿನ ಹೊರಗೆ ಹೊಡೆದೆ. ಉಪವಾಸ ಇದ್ದು ಸುಸ್ತಾಗಿ ಕೆಡಿಸಿದ ಅಂತ ಅಲ್ಲಿಯವರು ಉಗಿದರು."

"ಇಲ್ಲಿಯವರು?"

"ಉಪವಾಸ ಇದ್ದೇ ಫೈನಲ್ ಆಡಿದ ಗಂಡು ಅಂತ ಶಾಲು ಹೊದಿಸಿದರು."

"ಇದ್ದೆಯಾ?"

"ಇಲ್ಲ ಉಸ್ತಾದ್. ಗೆಲ್ಲಬೇಕಿತ್ತಲ್ಲ. ಹೊಟ್ಟೆ ತುಂಬ ತಿಂದಿದ್ದೆ."

ಉಸ್ತಾದರು ಸ್ಕೇಟಿನ ಅಲಗು ಮಸೆಯುತ್ತಲೇ ಇದ್ದರು.

"ಮುಂದಿನ ವರ್ಷ ಉಪವಾಸ ಮಾಡಲ್ಲ ಅಂತ ಮಾತು ಕೊಟ್ಟರೆ ತಂಡದಲ್ಲಿ ಮತ್ತೆ ಜಾಗ ಕೊಡ್ತಾನಂತೆ ಮ್ಯಾನೇಜರ್."

"ಕೊಡು. ನಿನಗೇನು ಕಷ್ಟ?"

"ಹಾಗಾದರೆ ತಪ್ಪು ಉಪವಾಸದ್ದು ಅಂತಾಗುತ್ತೆ!"

"ಮತ್ತೆ ಯಾರದ್ದು?"

ಜವಾದ್ ಹಲ್ಲು ಕಚ್ಚಿದ. "ನನ್ನ ಕೈಯದ್ದು."

"ನನಗ್ಯಾಕೆ ಹೇಳ್ತೀಯ?"

ಜವಾದನಿಗೆ ರೇಗಿತು. ಅಲ್ಲೇ ಮ್ಯಾನೇಜರಿಗೆ ಫೋನ್ ಹಚ್ಚಿ ಇದ್ದದ್ದು ಹೇಳಿದ. ಅತ್ತಲಿನ ಮಾತು ಕೇಳಿ ಫೋನ್ ಕಿಸೆಗೆ ತುರುಕಿದ.

"ತಿಂದುಂಡೂ ಹಾಗೆ ಹೊಡೆಯೋನು ನಮಗ್ಯಾಕೆ ಅಂದ."

"ಸರಿಯಾಗೇ ಅಂದ."

ಸಂಜೆ ಉಪವಾಸ ಬಿಡಲು ಮಸೀದಿಯ ಅಂಗಳದಲ್ಲಿ ಊರೆಲ್ಲ ಸೇರಿತ್ತು. ಅಜಾನ್ ಕೇಳಿಸಿತು. ಹಿರಿಯರಾದ ಅಬ್ಬಾಸ್ ಚಾಚಾ ಖರ್ಜೂರದ ತಟ್ಟೆ ಹಿಡಿದು ಬಂದರು.

"ಮೊದಲು ನಮ್ಮ ಹುಲಿಗೆ!"

"ಬೇಡ ಚಾಚಾ. ಫೈನಲ್ ದಿನ ನಾನು ಉಪವಾಸ ಇರಲಿಲ್ಲ."

ಚಾಚಾರ ಕೈ ನಿಂತಿತು. ತಟ್ಟೆ ಪಕ್ಕದವನ ಕಡೆ ತಿರುಗಿತು.

"ಶಾಲನ್ನಾದರೂ ವಾಪಸ್ ಕೊಡೋ ಹುಲಿ," ಅಂದ ಯಾರೋ. ಉಳಿದವರು ನಕ್ಕರು.

ತಟ್ಟೆ ಎಲ್ಲರ ಮುಂದೆಯೂ ಹೋಯಿತು. ಅವನ ಮುಂದೆ ಬರಲಿಲ್ಲ.

ಜವಾದ್ ಉಸ್ತಾದರ ಹತ್ತಿರ ಬಂದು ನಿಂತ. "ಅಲ್ಲೂ ಹೋಯ್ತು, ಇಲ್ಲೂ ಹೋಯ್ತು. ಈಗ ತೃಪ್ತಿಯಾಯ್ತಾ ನಿಮಗೆ?"

ಉಸ್ತಾದರು ಖರ್ಜೂರದ ಬೀಜವನ್ನು ಅಂಗೈಗೆ ಉಗುಳಿಕೊಂಡರು.

"ಊರಿನ ಉಪವಾಸ ಮುಗೀತು. ನಿನ್ನದು ಈಗ ಶುರುವಾಯ್ತು."